ಐದು ಬೆರಳಿನ ಪರೀಕ್ಷೆ

ಜೂನ್ 7, ಶನಿವಾರ
ಕಲ್ಯಾಣದಿಂದ ಠಾಣೆಯವರೆಗೆ ನನ್ನಷ್ಟು ಪುಸ್ತಕ ಓದಿದ ಕನ್ನಡಿಗ ಇನ್ನೊಬ್ಬನಿಲ್ಲ. ಊರಲ್ಲಿ ಏಳನೇ ಕ್ಲಾಸು ಮುಗಿಯುವಾಗಲೇ ಶಾಲೆಯ ಕಪಾಟು ಖಾಲಿ ಮಾಡಿದವ. ಆದರೂ ಡೊಂಬಿವಲಿಯ ಕನ್ನಡ ಸಂಘದವರು ಪುಸ್ತಕ ಆರಿಸುವ ಕಮಿಟಿಗೆ ಕರೆದದ್ದು ಪುಂಡರೀಕಾಕ್ಷನನ್ನು! ಠಾಣೆಯಲ್ಲಿ ಸ್ವಂತ ಹೋಟೆಲಿದ್ದರೆ ಮಕ್ಕಳ ಪುಸ್ತಕ ತಿಳಿಯುತ್ತದೆಯೇ? ನಾನು ಮಾಜಿವಾಡಾದಲ್ಲಿ ಇನ್ನೊಬ್ಬರ ಹೋಟೆಲಿನ ಕ್ಯಾಶಿನಲ್ಲಿ ಕೂರುವವ... ನಾನಾಗಿಯೇ ಹೋಗಿ ಹೆಸರು ಬರೆಸಿದೆ.

ಕೆಲಸ ಇಷ್ಟೇ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಈಗಷ್ಟೇ ತಾವಾಗಿ ಓದತೊಡಗಿದ ಮಕ್ಕಳಿಗೆ, ಸಣ್ಣ ಸಣ್ಣ ಅಧ್ಯಾಯಗಳ ಒಂದು ಕಥೆಪುಸ್ತಕ ಆರಿಸಬೇಕು. ಕಮಿಟಿಯವರು ಒಬ್ಬೊಬ್ಬರೂ ಒಂದೊಂದು ತರುವುದು, ಮಕ್ಕಳಿಂದ ಓದಿಸಿ ನೋಡಿ ಒಂದನ್ನು ಆರಿಸುವುದು. ತಂಗಿ ನಳಿನಾಕ್ಷಿಯ ಮಗಳು ಮಾನಸಿಯೂ ಅದೇ ಕ್ಲಾಸು. ನನ್ನ ಮಡಿಲಲ್ಲಿ ಅ-ಆ ಕಲಿತವಳು. ಈಗ ಬಾಯಿ ತೆರೆದರೆ "ಪುಂಡರೀಕ್ ಅಂಕಲ್, ಪುಂಡರೀಕ್ ಅಂಕಲ್"!

ಜೂನ್ 10
ನನ್ನ ಪುಸ್ತಕ ಸಿಕ್ಕಿತು. ವಾಗ್ಳೆ ಎಸ್ಟೇಟಿನ ಒಬ್ಬ ವ್ಯಾಪಾರಿಯ ಹತ್ತಿರ. ರಾಜಕುಮಾರನ ಸಾಹಸ, ದಪ್ಪ ರಟ್ಟು, ಪುಟದ ಅಂಚಿಗೆ ಚಿನ್ನದ ಬಣ್ಣ. ಪುಂಡರೀಕನದ್ದು? ಲಿಫ್ಟಿನಲ್ಲಿ ಸಿಕ್ಕಿಬಿದ್ದ ಬೆಕ್ಕಿನ ಕಥೆ. ದೊಡ್ಡ ಅಕ್ಷರ, ಅಧ್ಯಾಯಕ್ಕೆ ನಾಲ್ಕೇ ಪುಟ. ಬೆಕ್ಕಂತೆ!

ಗೆಲ್ಲುವವ ನಾನೇ. ಮತ್ತೆ ಕಾಯುವುದೇಕೆ? ಇಡೀ ಕ್ಲಾಸಿಗಾಗುವಷ್ಟು ಇಂದೇ ಕೊಂಡೆ. ಸಂಘದ ಹಾಲಿನಲ್ಲಿ ಫ್ಯಾನು, ಟ್ಯೂಬ್‌ಲೈಟಿನ ಮೇಲೆಲ್ಲ ಕೊಟ್ಟವರ ಹೆಸರು — ಅರ್ಧಕ್ಕರ್ಧ ಪುಂಡರೀಕನದ್ದೇ. ನಾನೂ ಒಂದೊಂದು ಪುಸ್ತಕದ ಮೊದಲ ಪುಟಕ್ಕೂ ಅಚ್ಚು ಹಾಕಿಸಿದೆ: ಕೊಡುಗೆ — ವಾಸು ಮಾಮಾ.

"ಸೇಟ್, ನಾಮ್ ಛಪ್ ಗಯಾ ತೋ ಮಾಲ್ ವಾಪಸ್ ನಹೀ ಲೂಂಗಾ," ಎಂದ ವ್ಯಾಪಾರಿ. ಹೆಸರು ಅಚ್ಚಾದ ಮೇಲೆ ವಾಪಸು ತೆಗೆದುಕೊಳ್ಳುವುದಿಲ್ಲವಂತೆ.
"ವಾಪಸ್ ಕೌನ್ ಲಾಯೇಗಾ?" ಎಂದೆ. ತರುವವರು ಯಾರು!

ಜೂನ್ 15, ಭಾನುವಾರ
ಪರೀಕ್ಷೆ. ಶ್ರೀವಾಣಿ ಟೀಚರ್ ಮಕ್ಕಳಿಗೆ ಹೇಳಿದರು, "ಯಾವುದಾದ್ರೂ ಒಂದು ಪುಟ ಓದಿ. ಬರದ ಶಬ್ದ ಸಿಕ್ಕಿದ್ರೆ ಒಂದು ಬೆರಳು ಮಡಚಿ. ಐದೂ ಮಡಚಿದ್ರೆ ಆ ಪುಸ್ತಕ ಈಗ ಬೇಡ."

ನಾನು ಬಿಡುತ್ತೇನೆಯೇ? ಮಾನಸಿಗೆ ಮೊದಲೇ ಚಾಕಲೇಟು ಕೊಟ್ಟಿದ್ದೆ — ಮಾಮಾನ ಪುಸ್ತಕಕ್ಕೆ ಬೆರಳು ಮಡಚಬಾರದು.

ಪಾಪ, ಮಡಚಲಿಲ್ಲ. "ಸಿಂಹಾಸನಾರೂಢನಾದ" ಎಂಬಲ್ಲಿಗೆ ಬಂದು ನಿಂತುಬಿಟ್ಟಳು. ಐದೂ ಬೆರಳು ನೆಟ್ಟಗೆ. ಕಣ್ಣ ತುಂಬ ನೀರು.
"ಬೆರಳು ಮಡಚು ಮಗಾ," ಎಂದರು ಟೀಚರ್.
"ಮಾಮಾ ನೇ ಮನಾ ಕಿಯಾ ಹೈ. ಮಡಚಬೇಡ ಅಂದಿದ್ದಾರೆ."

ಹಾಲಿಗೆ ಹಾಲೇ ನಕ್ಕಿತು. ಪುಂಡರೀಕ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು! ಸುಮ್ಮನೆ ಅವಳ ಪಕ್ಕ ನೆಲದ ಮೇಲೆ ಕುಳಿತು ಬೆಕ್ಕಿನ ಪುಸ್ತಕ ಕೈಗಿತ್ತ. ಒಂದು ಪುಟಕ್ಕೆ ಒಂದೇ ಬೆರಳು ಮಡಚಿದಳು. ಪುಟ ತಾನೇ ತಿರುಗಿಸಿದಳು.
ಕಮಿಟಿ ಬೆಕ್ಕನ್ನೇ ಆರಿಸಿತು.

ಜೂನ್ 29
ಸಂಘಕ್ಕೆ ಹೋಗುತ್ತಿಲ್ಲ. ನೆಗಡಿ ಎಂದಿದ್ದೇನೆ.

ನಳಿನಾಕ್ಷಿಯ ಮನೆಗೆ ಹೋದೆ. ಮಾನಸಿ ಸೋಫಾದ ಮೂಲೆಯಲ್ಲಿ, ಬೆಕ್ಕಿನ ಪುಸ್ತಕ ಹಿಡಿದು. ಓದುತ್ತಾಳೆ, ಒಬ್ಬಳೇ ನಗುತ್ತಾಳೆ.
"ಬಾ ಮಗಾ, ನಾನು ಓದಿ ಹೇಳ್ತೇನೆ."
"ಥಾಂಬ್ ನಾ ಮಾಮಾ! ಮೈ ಖುದ್ ಪಢ್ ರಹೀ ಹೂಂ."
ತಡೆಯಬೇಕಂತೆ, ತಾನೇ ಓದುತ್ತಿದ್ದಾಳಂತೆ. ಪುಂಡರೀಕ ಅಲ್ಲಿರಲೇ ಇಲ್ಲ. ಇನ್ನು ಹೊಟ್ಟೆಕಿಚ್ಚು ಯಾರ ಮೇಲೆ — ಬೆಕ್ಕಿನ ಮೇಲೆಯೇ?

ನಳಿನಾಕ್ಷಿ ಚಾ ಕೊಡುತ್ತ ಕೇಳಿದಳು, "ಅಣ್ಣಾ, ಆ ಪುಸ್ತಕಕ್ಕೆಲ್ಲ ಎಷ್ಟು ಹೋಯ್ತು, ನಿಜ ಹೇಳು."
"ಹೆಚ್ಚೇನಿಲ್ಲ ಮಾರಾಯ್ತಿ. ಎರಡು ಸಾವಿರ. ಆ ವ್ಯಾಪಾರಿ ನನ್ನ ದೋಸ್ತ."

ಜೂನ್ 30
ಬಂಡಲುಗಳು ಮಂಚದ ಕೆಳಗೆ. ಕಾಲು ಚಾಚಿದರೆ ತಾಗುತ್ತವೆ. ಮಾರುವಂತಿಲ್ಲ, ಒಂದೊಂದರಲ್ಲೂ ನನ್ನ ಹೆಸರು.
ಎರಡು ಸಾವಿರ ಅಲ್ಲ. ಮಾನಸಿಯ ಸೈಕಲ್ಲಿಗೆಂದು ತೆಗೆದಿಟ್ಟದ್ದೂ ಸೇರಿ, ಹದಿನೆಂಟು ಸಾವಿರದ ನಾನೂರು...