ಕೆರೆ ನುಂಗಿದ ಹಾಲು

ಯೋಸ್ಟಣ್ಣ,

ದನಗಳೂ ನಾನೂ ಸುಖವಾಗಿ ಆಲ್ಪ್ಸ್‌ನ ಒಂದು ಬೆಟ್ಟ ದಾಟಿ ಪಕ್ಕದ ಕಣಿವೆಯ ಹುಲ್ಲುಗಾವಲು ಸೇರಿದೆವು. ಇಲ್ಲೂ ಒಂದು ಕೆರೆಯಿದೆ. ಬಂದ ಮರುದಿನ ಬೆಳಿಗ್ಗೆ ನಮ್ಮೂರ ಅಭ್ಯಾಸದಂತೆ ಹಾಲಿನ ಕ್ಯಾನುಗಳನ್ನು ತಣ್ಣಗಿರಲೆಂದು ಕೆರೆಯಂಚಿನ ನೀರಲ್ಲಿ ನಿಲ್ಲಿಸಿದೆ. ಮಧ್ಯಾಹ್ನ ನೋಡಿದರೆ ಕ್ಯಾನೂ ಇಲ್ಲ, ದಡವೂ ಇಲ್ಲ! ಒಂದು ಹನಿ ಮಳೆಯಿಲ್ಲದೆ ನೀರು ಏರಿ ಕುಳಿತಿತ್ತು.

“ಅಯ್ಯೋ, ಹಾಲೆಲ್ಲ ಹೋಯ್ತು!” ಎಂದು ಕೂಗಿಕೊಂಡೆ.

ಚೀಸ್ ಮಾಡುವ ಮುದುಕ ಕ್ಯಾಸ್ಪರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಗಡಿಯಾಚೆ ಜರ್ಮನಿಯಲ್ಲಿ ಇವತ್ತು ಬಿಸಿಲು ಜಾಸ್ತಿ ಕಣೇ. ಅವರಿಗೆ ಮಿಕ್ಕಿದ ಸೋಲಾರ್ ಕರೆಂಟಲ್ಲಿ ನಮ್ಮ ಕರೆಂಟ್ ಕಂಪನಿಯವರು ಕೆಳಗಿನ ಕೆರೆ ನೀರನ್ನ ಪಂಪು ಹಾಕಿ ಇಲ್ಲಿಗೆ ಎತ್ತಿ ಇಟ್ಕೋತಾರೆ. ಸಂಜೆ ಅವರ ಮನೆಗಳಲ್ಲಿ ದೀಪ, ಒಲೆ ಹತ್ತಲಿ, ನೀರು ಕೆಳಗಿಳಿದು ಕರೆಂಟ್ ಕೊಡುತ್ತೆ. ನಿನ್ನ ಹಾಲೆಲ್ಲಿ ಓಡಿಹೋಗುತ್ತೆ?”

ಹಾಗೇ ಆಯಿತು. ಸಂಜೆ ಕ್ಯಾನುಗಳೆಲ್ಲ ಕೆಸರಲ್ಲಿ ಸಾಲಾಗಿ ನಿಂತಿದ್ದವು. ಮುಚ್ಚಳ ಅಲುಗಿರಲಿಲ್ಲ, ಹಾಲು ಹಿಮದಷ್ಟು ತಣ್ಣಗಿತ್ತು. ನನಗೆ ಹೋದ ಜೀವ ಬಂದಂತಾಯಿತು.

ನಮ್ಮೂರ ಕೆರೆಗೂ ಇಂಥ ಪಂಪು ಕೂರಿಸಿದರೆ ಮೇವಿನ ಜಾಗವೆಲ್ಲ ಮುಳುಗುತ್ತದೆಂದು ನೀನು ನಿದ್ದೆಗೆಟ್ಟಿದ್ದೆಯಲ್ಲ, ಅದಕ್ಕೇ ನಾನು ಕೆರೆಯ ಸುತ್ತ ನಡೆದು ನೋಡಿದೆ. ನೀರು ಏರಿ ಇಳಿಯುವ ಪಟ್ಟಿಯಲ್ಲಿ ಹುಲ್ಲು ಹುಟ್ಟುವುದಿಲ್ಲ, ಅದು ನಿಜ. ಅದರಾಚೆ ಇಡೀ ಗುಡ್ಡ ಹಸಿರಾಗಿದೆ, ದನಗಳು ತಲೆಯೆತ್ತದೆ ಮೇಯುತ್ತಿವೆ. ನನ್ನ ಮಂಡಿನೋವೂ ಇಳಿದಿದೆ.

ಹಾಲು ಕರೆಯುವ ಹೊತ್ತಾಯಿತು. ಭಾನುವಾರದ ಊರಸಭೆಯಲ್ಲಿ ಪಂಪಿನ ಪರ ಧೈರ್ಯವಾಗಿ ಕೈ ಎತ್ತು. ಅದಕ್ಕೂ ಮೊದಲು ನಮ್ಮ ಕ್ಯಾನುಗಳನ್ನು ಕೆರೆಯಿಂದ ಎತ್ತಿಡು.

ನಿನ್ನ ತಂಗಿ ವ್ರೇನಿ