ಬಾವಿಯಿಂದ ಒಂದು ಗೆರೆ

ಅಪ್ಪಾ,

ಹತ್ತು ಗಂಟೆ ಬಸ್ಸಿಗೆ ತಿಪಟೂರಿಗೆ ವಕೀಲರ ಹತ್ತಿರ ಹೋಗಬೇಡಿ! ಮೊದಲು ಇದನ್ನು ಪೂರ್ತಿ ಓದಿ.

ನಮ್ಮ ತೆಂಗಿನ ತೋಟಕ್ಕೆ ಮೂರೇ ಮೂಲೆ, ಬಾವಿ ಇರುವುದು ಒಂದು ಮೂಲೆಯಲ್ಲಿ. ಅದು ಯಾರ ಪಾಲಿಗೆ ಅಂತ ತಾನೇ ನಿಮಗೂ ಚಿಕ್ಕಪ್ಪನಿಗೂ ಮೂರು ವರ್ಷದಿಂದ ಮಾತಿಲ್ಲ?

ನಿನ್ನೆ ಟೇಪು ಹಿಡಿದು ಮೀಟರಿನಲ್ಲಿ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿದೆ. ಬಾವಿ (0, 0), ಹುಣಸೆಮರ (60, 20), ಗೇಟು (20, 80). ಮರಕ್ಕೂ ಗೇಟಿಗೂ ಮಧ್ಯಬಿಂದು (40, 50). ಬಾವಿಯಿಂದ ಅಲ್ಲಿಗೆ ಗೆರೆ ಎಳೆದರೆ ಎರಡೂ ಕಡೆ ಸರಿಯಾಗಿ 1100 ಚದರ ಮೀಟರ್, ಬಾವಿ ಇಬ್ಬರಿಗೂ! ಮೂರು ಸಲ ಲೆಕ್ಕ ಮಾಡಿದೆ ಅಪ್ಪಾ. ಗೆರೆಯ ಮೇಲೆ ಒಂದೇ ಒಂದು ತೆಂಗಿನಮರ ಬರುತ್ತದೆ, ಅದು ಅಜ್ಜಿಗಿರಲಿ.

ಬೆಳಿಗ್ಗೆ ಚಿಕ್ಕಪ್ಪನಿಗೂ ತೋರಿಸಿದೆ, ಬೈಯಬೇಡಿ. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಇಷ್ಟೇನೇನೇ? ಅಣ್ಣಂಗೆ ಬರಾಕೆ ಹೇಳು ಕಣೇ, ಗೂಟಾನ ಇಬ್ರೂ ಸೇರಿ ಹೊಡಿಯಾನ" ಅಂದರು.

ಅಣ್ಣ ಅಂದರು ಅಪ್ಪಾ!

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿಂದು ಬೇಗ ಬನ್ನಿ. ಚಿಕ್ಕಪ್ಪ ಗೂಟ ಕೆತ್ತುತ್ತಾ ಕೂತಿದ್ದಾರೆ. ನಾನು ಮಧ್ಯಬಿಂದುವಿನಲ್ಲಿ ನಿಂತಿರುತ್ತೇನೆ.

ಜೀವಿತಾ