ಮುಂದಿನ ಕೋಣೆಯ ರೀಡಿಂಗ್

ಮಾರ್ಚ್ 20, ಗುರುವಾರ

ಹಾಲು, ಹುಲ್ಲು, ಬಾವಿ ನೀರು — ಮೂರರ ಸ್ಯಾಂಪಲ್ಲೂ ಆಯಿತು. ಮೀನು ಸಿಗಲಿಲ್ಲ. ಹಾಲಿನಮ್ಮ ಎಂದಿನಂತೆ ಕ್ಯಾನಿಗೆ ಸುರಿಯುತ್ತಲೇ ಕೇಳಿದರು: "ಹೋದ ವಾರದ್ರಲ್ಲಿ ಏನಾದ್ರೂ ಸಿಕ್ತಾ ಮೇಡಂ?"

"ಏನೂ ಇಲ್ಲ. ಧೈರ್ಯವಾಗಿ ಕುಡೀರಿ."

"ಎಲ್ಲಿ, ನೀವೇ ಒಂದು ಲೋಟ ಕುಡೀರಿ ನೋಡೋಣ."

ಕುಡಿದೆ. ಪ್ರತಿ ವಾರದ ನಾಟಕ. ಅಣುಸ್ಥಾವರದ ಚಿಮಣಿ ಅವರ ಕೊಟ್ಟಿಗೆಯಿಂದಲೇ ಕಾಣುತ್ತದೆ, ಭಯ ಇಲ್ಲದೆ ಇರುತ್ತದೆಯೇ? ಸುತ್ತಲಿನ ಹಾಲು, ನೀರು, ಗಾಳಿಯಲ್ಲಿ ವಿಕಿರಣ ಸೇರಿದೆಯೋ ಎಂದು ನೋಡುತ್ತಿರುವುದೇ ನಮ್ಮ ಲ್ಯಾಬಿನ ಕೆಲಸ. ಸೇರಿಲ್ಲ. ಹದಿನಾಲ್ಕು ವರ್ಷದಿಂದ 'ಏನೂ ಇಲ್ಲ' ಎಂದು ಹೇಳುವುದಕ್ಕೇ ಸಂಬಳ ನನಗೆ.

ನಮ್ಮ ಯಜಮಾನರು ಟ್ರೈನಿಂಗಿಗೆ ಹೋಗಿ ಮೂರು ದಿನ. ಫೋನಿನಲ್ಲಿ ಎರಡೇ ಮಾತು — ಊಟ ಆಯ್ತಾ, ಪುಟ್ಟಿ ಮಲಗಿದಳಾ. ಬ್ಯಾಂಕಿನ ಕ್ಲರ್ಕಿಗೆ ಅದ್ಯಾವ ಟ್ರೈನಿಂಗೋ!

ಮಾರ್ಚ್ 25, ಮಂಗಳವಾರ

ಬಂದರು. ಪುಟ್ಟಿ ತಬ್ಬಿಕೊಳ್ಳಲು ಓಡಿದರೆ "ದೂರ, ದೂರ, ಅಪ್ಪಂಗೆ ನೆಗಡಿ" ಎಂದು ಬಾಗಿಲಲ್ಲೇ ತಡೆದರು. ಮಗುವಿನ ಮುಖ ಸಣ್ಣದಾಯಿತು. ಬ್ಯಾಗ್ ನೇರ ಮುಂದಿನ ಕೋಣೆಗೆ. ಅಲ್ಲೇ ಮಲಗುತ್ತಾರಂತೆ, ಕಿಟಕಿ ಪಕ್ಕದ ಮಂಚದ ಮೇಲೆ. ಒಂದು ಸೀನಿಲ್ಲ, ಕೆಮ್ಮಿಲ್ಲ... ಇದೆಂಥ ನೆಗಡಿ?

ಮಾರ್ಚ್ 28, ಶುಕ್ರವಾರ

ಆಫೀಸಿಗೆ ರಜೆಯಂತೆ. ತಟ್ಟೆ ಬೇರೆ, ಲೋಟ ಬೇರೆ. ತಾವೇ ತೊಳೆದಿಡುತ್ತಾರೆ. ಬಟ್ಟೆಯೂ ತಾವೇ ಒಗೆಯುತ್ತಾರೆ — ಮದುವೆಯಾದಾಗಿನಿಂದ ಒಂದು ಕರ್ಚೀಫು ಹಿಂಡಿದ ಮನುಷ್ಯರಲ್ಲ! ದಿನಕ್ಕೆರಡು ಸ್ನಾನ. ಯಾರ ವಾಸನೆ ತೊಳೆಯುತ್ತಿದ್ದಾರೆ? ಕಾಫಿ ಕೊಡಲು ಹೋದರೆ "ಅಲ್ಲೇ ಸ್ಟೂಲ್ ಮೇಲಿಡು" ಅಂತೆ. ನಾನೇನು ಹೋಟೆಲ್ ಸಪ್ಲೈಯರಾ?

ಬರೆಯಲು ನಾಚಿಕೆ. ಆದರೂ ಬರೆದುಬಿಡುತ್ತೇನೆ. ಇನ್ಯಾರೋ ಇದ್ದಾಳೆ.

ಏಪ್ರಿಲ್ 1, ಮಂಗಳವಾರ

ಮೂರು ತಿಂಗಳಿಗೊಮ್ಮೆ ಬ್ಯಾಡ್ಜ್ ಬದಲಿಸುವ ದಿನ. ಸುತ್ತಲ ಊರುಗಳ ಗೋಡೆಗಳ ಮೇಲೆ ಪುಟ್ಟ ಡಬ್ಬಿಗಳಲ್ಲಿ ಕೂತು, ಬಿದ್ದ ವಿಕಿರಣವನ್ನೆಲ್ಲ ಕೂಡಿಟ್ಟುಕೊಳ್ಳುವ ಕಾರ್ಡುಗಳು. ನಮ್ಮ ಮನೆಯೂ ಒಂದು ಪಾಯಿಂಟ್. ಡಬ್ಬಿ ಇರುವುದು ಮುಂದಿನ ಕೋಣೆಯ ಕಿಟಕಿ ಪಕ್ಕ, ಹೊರಗೋಡೆಗೆ. ಬಿಚ್ಚುವಾಗ ಇವರು ಒಳಗಿನಿಂದ ನೋಡುತ್ತಿದ್ದರು.

"ಅದನ್ನ ಇವತ್ತೇ ತೆಗೀಬೇಕಾ?"

ಕಾರ್ಡ್ ಚೀಲಕ್ಕೆ ಹಾಕಿಕೊಂಡು ಹೊರಟೆ. ಭಾನುವಾರದಿಂದ ಮಾತು ಬಿಟ್ಟಿದ್ದೇನೆ.

ಏಪ್ರಿಲ್ 2, ಬುಧವಾರ, ಮಧ್ಯಾಹ್ನ

ಎಲ್ಲಾ ಕಾರ್ಡುಗಳೂ ಮಾಮೂಲು. ಒಂದೇ ಒಂದು — ಮಾಮೂಲಿನ ಮೂರು ಪಟ್ಟು. ನಮ್ಮ ಮನೆಯದು. ನಮ್ಮ ಮನೆಯದು! ಕಾರ್ಡ್ ಓದುವ ರೀಡರ್ ಕೆಟ್ಟಿರಬೇಕೆಂದು ಬೇರೆ ಕಾರ್ಡ್ ಹಾಕಿ ನೋಡಿದೆ. ಕೆಟ್ಟಿಲ್ಲ.

ನಮ್ಮ ಹೆಡ್‌ಗೆ ನಾವಿಟ್ಟ ಹೆಸರು ಡಬಲ್‌ಚೆಕ್. ಕನ್ನಡಕ ಹಣೆಗೇರಿಸಿದರು. "ಪಕ್ಕದ ಪಾಯಿಂಟ್ ಕ್ಲೀನಾಗಿದೆ. ಗಾಳೀಲಿ ಬಂದಿದ್ರೆ ನಿಮ್ಮನೆ ಅಡ್ರೆಸ್ ಒಂದನ್ನೇ ಹುಡುಕ್ಕೊಂಡು ಬರುತ್ತೇನಮ್ಮ? ಮೀಟರ್ ತಗೊಂಡು ಮನೆಗೆ ಹೋಗು. ಡಬಲ್ ಚೆಕ್ ಮಾಡು."

ಪುಟ್ಟಿ ಆ ಗೋಡೆ ಪಕ್ಕವೇ ಆಡುತ್ತಾಳೆ. ದೇವರೇ.

ಅದೇ ದಿನ, ಸಂಜೆ

ಪುಟ್ಟಿ ಆಗತಾನೇ ಶಾಲೆಯಿಂದ ಬಂದಿದ್ದಳು. ಯೂನಿಫಾರ್ಮಿನಲ್ಲೇ ನಿಲ್ಲಿಸಿ ಮೀಟರ್ ಆಡಿಸಿದೆ. ಕತ್ತು, ಹೊಟ್ಟೆ, ಅಂಗೈ. ಮಾಮೂಲು. ಹೋದ ಜೀವ ಬಂತು. ಅವಳನ್ನು ಪಕ್ಕದ ಮನೆಗೆ ಕಳಿಸಿದೆ.

ಹಿತ್ತಿಲು ಮಾಮೂಲು. ಅಡುಗೆಮನೆ ಮಾಮೂಲು. ಹಜಾರದಲ್ಲಿ ಸ್ವಲ್ಪ ಹೆಚ್ಚು. ಮುಂದಿನ ಕೋಣೆಯ ಬಾಗಿಲು ತಳ್ಳಿದೆ. ಟಿಕ್‌ಟಿಕ್ ಜೋರಾಯಿತು. ಮಂಚದ ಮೇಲೆ ಇವರು ಕೂತಿದ್ದರು. ಮೀಟರ್ ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಬಲಕ್ಕೆ ತಿರುಗಿಸಿದರೆ ಇಳಿಯುತ್ತದೆ. ಇವರ ಕತ್ತಿನ ನೇರಕ್ಕೆ ಹಿಡಿದರೆ ಕಿರುಚುತ್ತದೆ.

"ಇನ್ನೂ ಹತ್ತಿರ ಬರಬೇಡ ಕಣೇ" ಅಂದರು.

ಹೊಸ್ತಿಲ ಮೇಲೆ ಕುಸಿದು ಕೂತೆ. ನನ್ನ ಗಂಡ. ಹಾಲಿನಲ್ಲಿ ಹುಡುಕಿದೆ, ಹುಲ್ಲಿನಲ್ಲಿ ಹುಡುಕಿದೆ... ನನ್ನ ಗಂಡ!

ಏಪ್ರಿಲ್ 3, ಗುರುವಾರ

ರಜೆ ಹಾಕಿದೆ. ಮೊದಲಿನಿಂದ ಬರೆದರೆ ನನಗಾದರೂ ಅರ್ಥವಾದೀತು.

ಡಿಸೆಂಬರಿನಲ್ಲಿ ಇವರ ಕತ್ತಿನ ಗಂಟು ಆಪರೇಷನ್ ಮಾಡಿ ತೆಗೆಸಿದ್ದೆವು. "ರಿಪೋರ್ಟ್ ಬಂತು, ಏನೂ ಇಲ್ಲ" ಅಂದಿದ್ದರು. ಸುಳ್ಳು. ಥೈರಾಯ್ಡ್ ಕ್ಯಾನ್ಸರ್. ಟ್ರೈನಿಂಗೂ ಸುಳ್ಳು. ಆಸ್ಪತ್ರೆಯಲ್ಲಿ ಒಂಟಿ ಕೋಣೆಯೊಳಗಿಟ್ಟು ವಿಕಿರಣ ಬೆರೆತ ಅಯೋಡಿನ್ ನುಂಗಿಸಿದ್ದರು. ಮೈಯಲ್ಲಿ ಕ್ಯಾನ್ಸರ್ ಎಲ್ಲಿ ಉಳಿದಿದೆಯೋ ಅಲ್ಲಿಗೇ ಹೋಗಿ ಸುಡುವ ಔಷಧಿ. ಅದು ಇಳಿಯುವವರೆಗೆ ಹೆಂಡತಿ ಮಕ್ಕಳಿಂದ ದೂರ ಇರಿ, ತಟ್ಟೆ ಬಟ್ಟೆ ಬೇರೆ ಮಾಡಿ ಅಂದಿದ್ದರಂತೆ. ಇದೇ ಪಾಠವನ್ನು ನಾನು ಹೊಸದಾಗಿ ಸೇರಿದವರಿಗೆ ಹೇಳಿಕೊಡುತ್ತೇನೆ! ನನ್ನ ಮನೆಯಲ್ಲಿ ನಡೆದಾಗ ಮಾತ್ರ ಸವತಿ ಕಂಡಳು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ಯಾಕ್ರೀ ಹೇಳ್ಲಿಲ್ಲ? ನಾನೇನು ಸತ್ತುಹೋಗಿದ್ನಾ?"

"ನೀನು ಮನೆಮನೆಗೆ ಹೋಗಿ ಏನೂ ಇಲ್ಲ ಅಂತೀಯ. ನಿನ್ನ ಗಂಡನಿಗೇ ಹೀಗಾಗಿದೆ ಅಂದ್ರೆ ಯಾರು ನಂಬ್ತಾರೆ? ಜನದ ಮಾತು ಬಿಡು. ನೀನು ನಂಬ್ತೀಯಾ?"

ನಂಬರುಗಳೆಲ್ಲ ನಾನೇ ಎಣಿಸಿದವು. ನಂಬುತ್ತೇನೆ. ಹಾಗಂದೆ ಕೂಡ. ಆದರೆ ಅನ್ನುವುದಕ್ಕೆ ತಡವಾಯಿತು, ಇವರು ಅದನ್ನು ನೋಡಿಬಿಟ್ಟರು. ಹೊಸ್ತಿಲ ಈಚೆ ನಾನು, ಮಂಚದ ಮೇಲೆ ಇವರು. ಇಬ್ಬರೂ ಅತ್ತೆವು.

ಏಪ್ರಿಲ್ 4, ಶುಕ್ರವಾರ

ಡಬಲ್‌ಚೆಕ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಹಳೇ ಮೀಟರ್ ಒಂದಿದೆ, ಮನೇಲಿ ಇಟ್ಕೋ" ಅಂದರು. ಡಬಲ್ ಚೆಕ್ ಮಾಡು ಅನ್ನಲಿಲ್ಲ.

ಏಪ್ರಿಲ್ 10, ಗುರುವಾರ

ದಿನಾ ಬೆಳಗ್ಗೆ ಅಪ್ಪನ ನಂಬರ್ ನೋಡುವ ಕಾರ್ಯಕ್ರಮ. ನಾನು ಮೀಟರನ್ನು ಕೋಲಿಗೆ ಕಟ್ಟಿ ಕತ್ತಿನ ಹತ್ತಿರ ಚಾಚುವುದು, ನಂಬರ್ ಓದುವುದು, ಹಜಾರದಿಂದ ಪುಟ್ಟಿ ಅದನ್ನೇ ಕೂಗುವುದು. 'ನಮ್ಮೆಲ್ಲರ ನಂಬರ್' ಆದ ದಿನ ಅಪ್ಪನ ತೊಡೆ ಮೇಲೆ ಕೂರಬಹುದು ಎಂದು ಒಪ್ಪಂದ.

ಎಂಟು ದಿನಕ್ಕೆ ಅರ್ಧವಾಗಬೇಕು ಎಂಬುದು ನನ್ನ ಲೆಕ್ಕ. ಇವರದು ಅದಕ್ಕಿಂತ ಎಷ್ಟೋ ಬೇಗ ಇಳಿಯುತ್ತಿದೆ!

"ನೋಡಿದ್ಯಾ? ನಿನ್ನ ಗಂಡ ಎಲ್ಲದ್ರಲ್ಲೂ ಫಾಸ್ಟು" ಅಂದರು.

"ಹೌದೌದು, ಸುಳ್ಳು ಹೇಳೋದ್ರಲ್ಲೂ" ಅಂದೆ.

ಎಷ್ಟು ದಿನವಾಗಿತ್ತು ಈ ಮನೆಯಲ್ಲಿ ನಗು ಕೇಳಿ. ಇಳಿಯಲಿ. ಇನ್ನೂ ಬೇಗ ಇಳಿಯಲಿ ದೇವರೇ.

ಏಪ್ರಿಲ್ 17, ಗುರುವಾರ

ಹಾಲಿನಮ್ಮ ನನ್ನನ್ನು ನೋಡಿ, "ಏನ್ ಮೇಡಂ, ಹಿಂಗೆ ಸೊರಗಿದ್ದೀರಾ?" ಅಂದರು. ಹೇಳಿಬಿಟ್ಟೆ. ಯಜಮಾನರಿಗೆ ಕ್ಯಾನ್ಸರ್ ಅಂತ. ಚಿಮಣಿಯ ಕಡೆ ನೋಡಿದರು. ನನ್ನ ಕಡೆ ನೋಡಿದರು.

"ಅದರಿಂದಾನಾ?"

"ಅಲ್ಲ." ಈ ಸಲ ತಡವಾಗಲಿಲ್ಲ.

ಲೋಟಕ್ಕೆ ಹಾಲು ಬಗ್ಗಿಸಿದರು. ನನಗೆ ಕೊಡಲಿಲ್ಲ. ತಾವೇ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಕ್ಯಾನ್ ತುಂಬಿಸಿಕೊಟ್ಟರು.

ಏಪ್ರಿಲ್ 22, ಮಂಗಳವಾರ, ಸಂಜೆ

ಡಾಕ್ಟರು ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದರು. ಔಷಧಿ ನುಂಗಿದ ಮೇಲೆ ತೆಗೆದ ಸ್ಕ್ಯಾನ್. ಔಷಧಿ ಎಲ್ಲಿ ಕೂತಿದೆಯೋ ಅಲ್ಲಿ ಕಪ್ಪು ಚುಕ್ಕಿ ಬರುತ್ತದಂತೆ. ಕತ್ತಿನಲ್ಲಿ ಒಂದು ಸಣ್ಣ ಚುಕ್ಕಿ. ಎದೆಯೆಲ್ಲ ಖಾಲಿ.

"ಏನೂ ಇಲ್ವಲ್ಲ ಡಾಕ್ಟ್ರೇ!" ಕೂಗಿಯೇಬಿಟ್ಟೆ. ಇವರ ತೋಳು ಹಿಡಿದು ಕುಲುಕಿದೆ ಕೂಡ.

ಡಾಕ್ಟರು ನಗಲಿಲ್ಲ. "ಅದೇ ಕಷ್ಟ ಆಗಿರೋದು ಅಮ್ಮ." ಇನ್ನೊಂದು ಸ್ಕ್ಯಾನ್ ತೆಗೆದರು. "ಇದು ಬೇರೆ ಥರದ್ದು. ನೋಡಿ, ಶ್ವಾಸಕೋಶದಲ್ಲಿ ಗಂಟುಗಳಿವೆ. ಇವು ಔಷಧಿ ಹಿಡಿದಿದ್ರೆ ಮೊದಲ್ನೇ ಸ್ಕ್ಯಾನಲ್ಲೂ ಇಲ್ಲೆಲ್ಲ ಚುಕ್ಕಿ ಬರಬೇಕಿತ್ತು. ಈ ಗಂಟುಗಳು ಔಷಧೀನ ಒಳಗೇ ಬಿಟ್ಕೊಂಡಿಲ್ಲ. ಮೈಯಿಂದ ಬೇಗ ಹೊರಗೆ ಹೋಗ್ಬಿಟ್ಟಿದೆ."

ಬೇಗ.

ಕೋಲು ಹಿಡಿದು ನಿಂತವಳು ನಾನು. ಇಳಿಯಲಿ ಇಳಿಯಲಿ ಎಂದು ಬೇಡಿಕೊಂಡವಳು ನಾನು. ಅದು ಒಳಗೇ ಇರಬೇಕಿತ್ತು. ಮೀಟರ್ ಕಿರುಚುತ್ತಲೇ ಇರಬೇಕಿತ್ತು... ನಾನು ನಕ್ಕಿದ್ದೆ.

ಬೇರೆ ಮಾತ್ರೆಗಳಿವೆಯಂತೆ. ಎಷ್ಟು ಕಾಲ ತಡೆಯುತ್ತವೋ ಈಗಲೇ ಹೇಳಲು ಬರುವುದಿಲ್ಲವಂತೆ. ಬಸ್ಸಿನಲ್ಲಿ ಇವರೇ ನನಗೆ ಸಮಾಧಾನ ಹೇಳುತ್ತಾ ಬಂದರು. ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಏಪ್ರಿಲ್ 23, ಬುಧವಾರ, ಬೆಳಗ್ಗೆ

ಪುಟ್ಟಿಗೆ ಹೇಳಿಲ್ಲ. ಎದ್ದವಳೇ ಮೀಟರ್ ತಂದು ಕೈಗೆ ತುರುಕಿದಳು. "ಅಮ್ಮಾ, ನಂಬರ್!" ಬೇಡವೆನ್ನಲು ಕಾರಣ ಹೊಳೆಯಲಿಲ್ಲ. ಹಿಡಿದೆ. ಗೋಡೆಗೆಷ್ಟೋ ಅಷ್ಟೇ. ನನಗೆಷ್ಟೋ ಅಷ್ಟೇ.

"ನಮ್ಮೆಲ್ಲರ ನಂಬರ್!" ಎಂದು ಕಿರುಚಿ ಅಪ್ಪನ ತೊಡೆಯೇರಿದಳು. ಇವರು ಅವಳ ನೆತ್ತಿಯ ಮೇಲೆ ಗಲ್ಲವಿಟ್ಟು ಕಣ್ಣು ಮುಚ್ಚಿದರು.

"ಅಪ್ಪಂಗೆ ಇನ್ನು ಏನೂ ಇಲ್ಲ ಅಲ್ವಾ ಅಮ್ಮಾ? ನೀನು ಹಾಲಿನಮ್ಮಂಗೆ ಹೇಳ್ತೀಯಲ್ಲ, ಹಾಗೇ ಹೇಳು."

ಇವರು ಕಣ್ಣು ತೆರೆದು ನನ್ನನ್ನೇ ನೋಡಿದರು. ಹೇಳು ಎನ್ನುವಂತೆ ತಲೆಯಾಡಿಸಿದರು. ಎಷ್ಟು ಸಲ ಹೇಳಿದ ಮಾತು, ನಿದ್ದೆಯಲ್ಲೂ ಬರುವ ಮಾತು. ಬಾಯಿ ತೆರೆದೆ. ಏನೂ —